‘ಹುಲಿ ಗ್ಯಾರಂಟಿ’ ಅಂದಿದ್ದರು!

ಹೋದ ತಿಂಗಳು ಈ ಅಂಕಣದಲ್ಲಿ ನಮ್ಮ ದಾಂಡೇಲಿ, ಅಣಶಿ ಕಡೆಯ ಕಾಳಿ ಕಾಡಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ. ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಸೇರಿ ಈ ಸಲ ಚೀಲ ತುಂಬಿದೆ. ಅಡಿಕೆ ಕೊಳೆರೋಗದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಈ ಸಲ ಪೂರ್ತಿ ಕಾಡೇ.

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ನಮ್ಮನೆಯವರು, ಇಬ್ಬರು ಮಕ್ಕಳು, ನಾನು ಕಾರವಾರದಿಂದ ಕದ್ರಾ, ಅಣಶಿ, ಜೋಯಿಡಾ ಮೇಲೆ ಹೋಗಿ ದಾಂಡೇಲಿ ಹತ್ತಿರ ಒಂದು ರಾತ್ರಿ ಉಳಿದೆವು. ಸಂಜೆ ಒಂದು ಸಫಾರಿ, ಮರುದಿನ ಬೆಳಗ್ಗೆ ಇನ್ನೊಂದು. ಕಂಡಿದ್ದು ಜಿಂಕೆ, ನವಿಲು, ಒಂದು ಕಾಡುಕೋಣದ ಹಿಂಭಾಗ. ಉಳಿದುಕೊಂಡ ಕಡೆಯಲ್ಲಿ ‘ಹುಲಿ ಗ್ಯಾರಂಟಿ’ ಅಂದಿದ್ದರು. ನಾದಿನಿಯ ಮಕ್ಕಳು ಕಬಿನಿಯಲ್ಲಿ ಹುಲಿ ನೋಡಿ ಬಂದು ನಮ್ಮ ಮಕ್ಕಳಿಗೆ ದಿನಾ ಫೋಟೊ ಕಳಿಸುತ್ತಾರೆ. ನಮ್ಮ ಕಾಡಿನಲ್ಲಿ ಪ್ರಾಣಿಗಳೇ ಇಲ್ಲವಾ? ದುಡ್ಡು ದಂಡವಾಯಿತಾ?
— ಒಬ್ಬ ಶಿಕ್ಷಕಿ, ಕೋಡಿಬಾಗ, ಕಾರವಾರ

ಉತ್ತರ: ಅಕ್ಕೋರೇ, ಮೊದಲು ಆ ಗ್ಯಾರಂಟಿ ಮಾತು ಬದಿಗಿಡಿ. ಹುಲಿಗೆ ಯಾರೂ ಅಡ್ವಾನ್ಸ್ ಕೊಟ್ಟಿರುವುದಿಲ್ಲ. ಹಾಗೆ ಹೇಳಿದವರ ಹತ್ತಿರ ಊಟ ಚೆನ್ನಾಗಿದ್ದರೆ ಊಟ ಮಾಡಿ ಬನ್ನಿ, ಹುಲಿ ವಿಷಯ ಬಿಟ್ಟುಬಿಡಿ.

ಇನ್ನು ಕಬಿನಿ. ಅಲ್ಲಿ ಅಣೆಕಟ್ಟು ಆದದ್ದು 1974ರಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಮೈಲುಗಟ್ಟಲೆ ಬಯಲು ಬೀಳುತ್ತದೆ, ಅದರ ಮೇಲೆ ಎಳೆ ಹುಲ್ಲು ಏಳುತ್ತದೆ. ಹುಲ್ಲಿಗೆ ಜಿಂಕೆ, ಆನೆ, ಅವುಗಳ ಹಿಂದೆ ಹುಲಿ. ಎಲ್ಲಾ ಬಯಲಾಟದ ಹಾಗೆ ಕಣ್ಣೆದುರೇ ನಡೆಯುತ್ತದೆ. ನಮ್ಮದು ಹಾಗಲ್ಲ. ಅಣಶಿ ಕಡೆಯದು ಎಲೆ ಉದುರಿಸದ ದಟ್ಟ ಮಳೆಕಾಡು. ಬಿಸಿಲು ನೆಲಕ್ಕೇ ಬೀಳುವುದಿಲ್ಲ. ಬಿಸಿಲಿಲ್ಲದ ಕಡೆ ಹುಲ್ಲಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ಹಿಂಡು ಎಲ್ಲಿಂದ ಬರಬೇಕು? ಅಲ್ಲಿ ತಿನ್ನುವ ಸೊಪ್ಪು, ಹಣ್ಣು ಎಲ್ಲಾ ಇರುವುದು ಮೇಲೆ, ಹಾಗಾಗಿ ಸಂಸಾರವೂ ಮೇಲೇ. ಮುಸಿಯ, ಕೆಂದಳಿಲು, ಮಂಗಟ್ಟೆ ಹಕ್ಕಿ. ಕುಳಗಿ, ದಾಂಡೇಲಿ ಕಡೆ ಬಂದರೆ ಸಾಗುವಾನಿ, ಮತ್ತಿ, ಬಿದಿರು. ಅಲ್ಲಿ ಕಾಡು ಸ್ವಲ್ಪ ಬಿಡಿಸಿಕೊಂಡಿದೆ, ಜಿಂಕೆ, ಕಡವೆ, ಕಾಡುಕೋಣ ಕಾಣುವುದೂ ಅಲ್ಲಿಯೇ ಜಾಸ್ತಿ. ಆದರೂ ರಸ್ತೆಯಿಂದ ಇಪ್ಪತ್ತು ಹೆಜ್ಜೆ ಒಳಗೆ ಕಾಡುಕೋಣ ನಿಂತಿದ್ದರೂ ನಿಮಗೆ ಕಾಣಲಿಕ್ಕಿಲ್ಲ. ಅಷ್ಟು ದೊಡ್ಡ ಪ್ರಾಣಿ! ನಿಮಗೆ ಹಿಂಭಾಗವಾದರೂ ಕಂಡಿತಲ್ಲ.

ಅದರ ಮೇಲೆ ನೀವು ಹೋದದ್ದು ಡಿಸೆಂಬರ್‌ನಲ್ಲಿ. ಆಗಿನ್ನೂ ಮಳೆಗಾಲದ ಹುಲ್ಲು, ಪೊದೆ ಎದೆಮಟ್ಟ ಇರುತ್ತದೆ. ಎಲ್ಲಾ ಹಳ್ಳದಲ್ಲೂ ನೀರು. ನೀರಿಗಾಗಿ ಯಾವ ಪ್ರಾಣಿಯೂ ಒಂದೇ ಕಡೆ ಬರಬೇಕಾಗಿಲ್ಲ. ಮಾರ್ಚ್ ಕೊನೆಗೆ, ಏಪ್ರಿಲ್‌ನಲ್ಲಿ ಹೋದರೆ ಸಣ್ಣ ಹಳ್ಳ ಒಣಗಿ, ಎಲೆ ಉದುರಿ, ಕಾಡು ಸ್ವಲ್ಪ ದೂರದವರೆಗೆ ಕಾಣುತ್ತದೆ. ಸೆಖೆ ಮಾತ್ರ ತಡೆಯಬೇಕು.

ಈಗ ನನ್ನ ಕತೆ ಹೇಳುತ್ತೇನೆ, ಕೇಳಿ. ಒಂದು ಬೇಸಿಗೆಯಲ್ಲಿ ಕುಳಗಿ ಕಡೆ ಸಂಜೆ ಸಫಾರಿ. ಒಂದು ತಾಸು ತಿರುಗಿದರೂ ಏನೂ ಇಲ್ಲ. ಜೀಪಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ, ನಾನು, ಡ್ರೈವರ್, ಗೈಡ್. ಒಂದು ತಿರುವಿನಲ್ಲಿ ಗೈಡ್ ಸುಮ್ಮನೆ ಕೈ ಎತ್ತಿದ. ಎಂಜಿನ್ ಬಂದ್. ಎದುರಿಗೆ ಏಳೆಂಟು ಚುಕ್ಕೆ ಜಿಂಕೆ ಮೇಯುತ್ತಿದ್ದವು. ಎಲ್ಲವೂ ಒಟ್ಟಿಗೆ ತಲೆ ಎತ್ತಿದವು. ಒಂದು ಹೆಣ್ಣು ಜಿಂಕೆ ಮುಂಗಾಲು ಎತ್ತಿ ನೆಲಕ್ಕೆ ಟಕ್ ಅಂತ ಕುಟ್ಟಿತು. ಬಾಲದ ಅಡಿಯ ಬಿಳಿ ಎದ್ದು ನಿಂತಿತ್ತು. ಮೇಲೆ ಮತ್ತಿ ಮರದಲ್ಲಿ ಮುಸಿಯ ‘ಖ್ಯಾಕ್, ಖ್ಯಾಕ್’ ಶುರು ಮಾಡಿತು. ಅಷ್ಟರವರೆಗೆ ಕೂಗಾಡುತ್ತಿದ್ದ ಹಕ್ಕಿಗಳು ಗಪ್‌ಚುಪ್. ಆಮೇಲೆ ದೂರದ ಬಿದಿರು ಮೆಳೆಯ ಕಡೆಯಿಂದ ಕಡವೆ ಕೂಗಿತು, ಒಂದೇ ಸಲ, ‘ಢಾಂಕ್’ ಅಂತ, ಖಾಲಿ ಡಬ್ಬಕ್ಕೆ ಹೊಡೆದ ಹಾಗೆ. ಗೈಡ್ ಪಿಸುಮಾತಿನಲ್ಲಿ ಹೇಳಿದ: ಮುಸಿಯ ಹದ್ದು ನೋಡಿದರೂ ಕೂಗುತ್ತದೆ, ಜಿಂಕೆ ಸುಮ್ನೆ ಹೆದರಿದರೂ ಕೂಗುತ್ತದೆ, ಆದರೆ ಕಡವೆ ಸುಳ್ಳು ಹೇಳುವುದು ಕಡಿಮೆ ಸಾರ್.

ಆ ಹೊತ್ತಿಗೆ ಸರಿಯಾಗಿ ಜೀಪಿನಲ್ಲಿ ಕರಕರ ಅಂತ ಸದ್ದು. ಶಿರಸಿಯಿಂದ ಕಟ್ಟಿಕೊಂಡು ಹೋಗಿದ್ದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ತೆರೆದವನು ಬೇರೆ ಯಾರೂ ಅಲ್ಲ, ನಾನೇ. ಕೈಗೆ ಏನಾದರೂ ಕೆಲಸ ಬೇಕಿತ್ತು ನೋಡಿ. ಹುಬ್ಬಳ್ಳಿಯ ಅಕ್ಕ ಒಬ್ಬರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಇಪ್ಪತ್ತು ನಿಮಿಷ ಕಾದೆವು. ಏನೂ ಬರಲಿಲ್ಲ. ಬೆಳಕು ಹೋಗುತ್ತಿದೆ ಅಂತ ಜೀಪು ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಇನ್ನೂರು ಮೀಟರ್ ಬಂದಿಲ್ಲ, ಗೈಡ್ ಮತ್ತೆ ಕೈ ಎತ್ತಿದ. ಕೆಂಪು ಧೂಳಿನಲ್ಲಿ ನಮ್ಮದೇ ಟೈರಿನ ಗುರುತು. ಅದರ ಮೇಲೆ ಪಂಜದ ಗುರುತು. ನಾಲ್ಕು ಬೆರಳು, ಹಿಂದೆ ದಪ್ಪ ಅಂಗಾಲು, ಉಗುರಿನ ಗುರುತಿಲ್ಲ. ಬೆಕ್ಕಿನ ಜಾತಿ ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತದೆ, ಸೀಳುನಾಯಿಯದ್ದಾದರೆ ಉಗುರು ಮೂಡಿರುತ್ತಿತ್ತು. ಅಂದರೆ ಏನಾಯಿತು? ನಾವು ಎದುರಿಗೆ ಕಣ್ಣು ಕಿಸಿದು ಕೂತಿದ್ದಾಗ ಅದು ನಮ್ಮ ಬೆನ್ನ ಹಿಂದೆ ರಸ್ತೆ ದಾಟಿ, ನಮ್ಮ ಟೈರಿನ ಗುರುತು ತುಳಿದು, ತನ್ನ ಪಾಡಿಗೆ ಹೋಗಿದೆ. ನಾನು ಜೀಪಿನಿಂದ ಬಗ್ಗಿ ನೋಡಿದೆ. ಪಂಜದ ಅಂಚಿನ ಧೂಳು ಇನ್ನೂ ಕುಸಿದಿರಲಿಲ್ಲ. ನನ್ನ ಅಂಗೈಯನ್ನು ಗಾಳಿಯಲ್ಲೇ ಅದರ ಮೇಲೆ ಹಿಡಿದು ಅಳೆದೆ, ನನ್ನ ಕೈ ಚಿಕ್ಕದಾಯಿತು.

ಹುಲಿ ನೋಡಿದ ಲೆಕ್ಕಕ್ಕೆ ಇದು ಬರುತ್ತದೋ ಇಲ್ಲವೋ, ನೀವೇ ಹೇಳಿ. ನಾನಂತೂ ಲೆಕ್ಕಕ್ಕೆ ಹಿಡಿದಿದ್ದೇನೆ. ಕಾಳಿ ಕಾಡು ಕಿವಿಯಿಂದ ನೋಡುವ ಕಾಡು. ಮುಂದಿನ ಸಲ ಹೋದಾಗ ಡ್ರೈವರ್‌ಗೆ ‘ಜಾಸ್ತಿ ತಿರುಗಿಸಿ’ ಅನ್ನುವ ಬದಲು ‘ಹತ್ತು ನಿಮಿಷ ಎಂಜಿನ್ ಬಂದ್ ಮಾಡಿ’ ಅನ್ನಿ. ಮಕ್ಕಳಿಗೆ ಒಂದು ಕೆಲಸ ಕೊಡಿ: ಕೇಳಿದ ಸದ್ದನ್ನೆಲ್ಲಾ ಬರೆದುಕೊಳ್ಳಲಿ, ಯಾರದು ಅಂತ ಗೈಡ್ ಹತ್ತಿರ ಕೇಳಲಿ. ಭೀಮರಾಜ ಹಕ್ಕಿ ಬೇರೆಯವರ ದನಿ ಅಣಕಿಸಿ ಮೋಸ ಮಾಡುತ್ತದೆ, ಅದನ್ನು ಹಿಡಿದವರಿಗೆ ಐಸ್‌ಕ್ರೀಂ ಅಂತ ಪಂದ್ಯ ಕಟ್ಟಿ. ನಾದಿನಿ ಮಕ್ಕಳ ಫೋಟೊಕ್ಕೆ ಉತ್ತರ ಕಳಿಸಲೇಬೇಕಿದ್ದರೆ ಪಂಜದ ಗುರುತಿನ ಫೋಟೊ ಕಳಿಸಬಹುದು.

ಪ್ರಶ್ನೆ: ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ, ಕಾಳಿ ಹುಲಿ ಸಂರಕ್ಷಿತ ಪ್ರದೇಶ — ಒಂದೇನಾ, ಬೇರೆ ಬೇರೆನಾ? ಪರೀಕ್ಷೆಗೆ ಓದುತ್ತಿದ್ದೇನೆ, ಗೊಂದಲ.
— ಹಳಿಯಾಳದಿಂದ ಒಬ್ಬ ಅಭ್ಯರ್ಥಿ

ಉತ್ತರ: ಒಂದೇ ಮನೆಯ ಎರಡು ಕೋಣೆ ಅಂದುಕೊಳ್ಳಿ. ದಾಂಡೇಲಿ ಅಭಯಾರಣ್ಯ ಆದದ್ದು 1956ರಲ್ಲಿ. ಅದರ ಒಂದು ಭಾಗ ಬೇರೆಯಾಗಿ ಅಣಶಿ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. 2007ರಲ್ಲಿ ಎರಡನ್ನೂ ಸೇರಿಸಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ ಅಂತ ಮಾಡಿದರು. 2015ರಲ್ಲಿ ನದಿಯ ಹೆಸರಿಟ್ಟು ಕಾಳಿ ಅಂದರು. ಅಣಶಿ ಸುಮಾರು 340 ಚದರ ಕಿ.ಮೀ., ದಾಂಡೇಲಿ ಸುಮಾರು 475. ರಾಜ್ಯದಲ್ಲಿ ಹುಲಿ ಸಂರಕ್ಷಿತ ಪ್ರದೇಶ ಒಟ್ಟು ಐದು: ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನಬೆಟ್ಟ, ಕಾಳಿ. ಇನ್ನೊಂದು ಮಾತು, ಇದು ಪರೀಕ್ಷೆಗೆ ಬರುವುದೋ ಇಲ್ಲವೋ ಗೊತ್ತಿಲ್ಲ: ಬೆಳಗಾವಿ ಜಿಲ್ಲೆಯ ಭೀಮಗಡ, ಗೋವಾದ ಮೊಲ್ಲೆಂ, ಮಹಾದಾಯಿ ಕಾಡುಗಳ ಜೊತೆ ನಮ್ಮ ಕಾಡಿನ ನಂಟಿದೆ. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಪ್ರಶ್ನೆ: ಕರಿಚಿರತೆ ಬೇರೆ ಜಾತಿಯಾ? ನಮ್ಮ ಕಾಲೇಜಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. ನಾನು ಬೇರೆ ಅಂದೆ. ದಾಂಡೇಲಿಯಲ್ಲಿ ನಿಜಕ್ಕೂ ಕಾಣುತ್ತದಾ?
— ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ಸೋತೆ ತಮಾ. ಬೇರೆ ಜಾತಿ ಅಲ್ಲ, ಅದೂ ಚಿರತೆಯೇ. ಮೈಯಲ್ಲಿ ಕಪ್ಪು ಬಣ್ಣದ ಅಂಶ ಜಾಸ್ತಿ, ಅಷ್ಟೇ. ಹತ್ತಿರದಿಂದ, ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನ ಒಳಗೇ ಚುಕ್ಕೆಗಳು ಕಾಣುತ್ತವೆ, ಕರಿ ರೇಷ್ಮೆ ಸೀರೆಯ ಮೇಲೆ ಕರಿ ನೂಲಿನಲ್ಲೇ ಬುಟ್ಟಾ ನೇಯ್ದ ಹಾಗೆ. ರಾತ್ರಿ ಹೊತ್ತು ಕಾಡಿನಲ್ಲಿ ಕಟ್ಟಿದ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿನಲ್ಲಂತೂ ಚುಕ್ಕೆ ಎಣಿಸಬಹುದು.

ಈ ಕಪ್ಪು ಬರುವುದು ಅಡಗಿ ಕೂರುವ ಗುಣದಿಂದ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಸೇರಿದರೆ ಮಾತ್ರ ಮರಿ ಕಪ್ಪಾಗುತ್ತದೆ. ಒಂದೇ ಬಂದರೆ ಮರಿ ಮಾಮೂಲು ಚುಕ್ಕೆಯದ್ದು, ಆದರೆ ಗುಣ ಒಳಗೆ ಅಡಗಿ ಕೂತಿರುತ್ತದೆ. ಹಾಗಾಗಿ ಚುಕ್ಕೆ ಚುಕ್ಕೆ ಅಪ್ಪ ಅಮ್ಮನಿಗೂ ಕರಿಮರಿ ಹುಟ್ಟಬಹುದು. ಇಬ್ಬರಲ್ಲೂ ಆ ಗುಣ ಅಡಗಿದ್ದರೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದೇ ಸಲ ಹುಟ್ಟಿದ ಮರಿಗಳಲ್ಲಿ ಒಂದು ಕಪ್ಪು, ಒಂದು ಹಳದಿ ಇರುವುದೂ ಉಂಟು. ಜಾಗ್ವಾರ್ ಅಂತ ಅಮೆರಿಕ ಖಂಡದ ಪ್ರಾಣಿ ಇದೆಯಲ್ಲ, ಅದರಲ್ಲಿ ಇದು ಉಲ್ಟಾ, ಅಲ್ಲಿ ಒಂದೇ ಬಂದರೂ ಕಪ್ಪು. ಮುಂದಿನ ಜಗಳಕ್ಕೆ ಇದನ್ನು ಇಟ್ಟುಕೋ.

ಮಳೆ ಜಾಸ್ತಿ, ಕಾಡು ದಟ್ಟ ಇರುವ ಕಡೆ ಕರಿಚಿರತೆ ಹೆಚ್ಚು. ಮಲೇಷ್ಯಾದ ಮಳೆಕಾಡಿನಲ್ಲಿ ಚಿರತೆ ಅಂದರೆ ಹೆಚ್ಚು ಕಡಿಮೆ ಎಲ್ಲವೂ ಕಪ್ಪೇ. ನೆರಳಿನ ಕಾಡಿನಲ್ಲಿ ಕಪ್ಪು ಮೈ ಅಡಗಲು ಅನುಕೂಲ ಅನ್ನುವುದು ಸುಲಭವಾಗಿ ಒಪ್ಪಬಹುದಾದ ಕಾರಣ. ಕಾಳಿ ಕಾಡಿನಲ್ಲೂ ಇದೆ, ಸಫಾರಿಗೆ ಹೋದ ಎಷ್ಟೋ ಜನ ಕಂಡಿದ್ದಾರೆ, ಫೋಟೊ ತೆಗೆದಿದ್ದಾರೆ. ನಾನು ಕಂಡಿಲ್ಲ. ಒಮ್ಮೆ ಕಂಡೆ ಅಂದುಕೊಂಡು ಇಡೀ ಜೀಪನ್ನು ನಿಲ್ಲಿಸಿದ್ದೆ. ಸುಟ್ಟ ಮರದ ಬೊಡ್ಡೆ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ. ಹುಲಿಗಿಲಿ ಬೇಡ, ಮಂಗಟ್ಟೆ ಹಕ್ಕಿ ನೋಡುವ ಆಸೆ. ಎಲ್ಲಿ, ಯಾವಾಗ ಹೋಗಲಿ? ಹೆಣ್ಣು ಹಕ್ಕಿ ತನ್ನನ್ನೇ ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ ಅನ್ನುವುದು ನಿಜವೇ?
— ಕುಮಟಾ

ಉತ್ತರ: ಮಾಸ್ತರರೇ, ನಿಮ್ಮ ಆಸೆ ಈಡೇರುವುದು ಸುಲಭ. ದಾಂಡೇಲಿ ಸುತ್ತ ನಾಲ್ಕು ಬಗೆಯ ಮಂಗಟ್ಟೆ ಇವೆ. ದೊಡ್ಡ ಮಂಗಟ್ಟೆ, ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ಬಯಲು ಸೀಮೆಯಲ್ಲೂ ಕಾಣುವ ಬೂದು ಮಂಗಟ್ಟೆ. ಕಪ್ಪು ಬಿಳುಪಿನವನ್ನು ನೋಡಲು ಕಾಡಿನ ಒಳಗೂ ಹೋಗಬೇಕಾಗಿಲ್ಲ. ದಾಂಡೇಲಿ ಊರಿನ ನಾಟಾ ಡಿಪೋದಲ್ಲೇ ಬರುತ್ತವೆ. ನಾನು ನೋಡಿದ್ದು ಒಂದು ಸಂಜೆ. ರಾಶಿ ಹಾಕಿದ ಸಾಗುವಾನಿ ದಿಮ್ಮಿಗಳ ನಡುವೆ ಖಾಲಿ ಜಾಗ, ಅಲ್ಲಿ ಹನ್ನೆರಡು ಹಕ್ಕಿ ನೆಲಕ್ಕಿಳಿದು ಕುಪ್ಪಳಿಸುತ್ತಿದ್ದವು. ಅಷ್ಟು ದೊಡ್ಡ ಕೊಕ್ಕು ಹೊತ್ತ ಹಕ್ಕಿ ಕುಪ್ಪಳಿಸುವುದು ನೋಡಿದರೆ ನಗು ಬರುತ್ತದೆ, ಪಂಚೆ ಎತ್ತಿ ಕಟ್ಟಿ ಕೆಸರು ದಾಟುವ ದೊಡ್ಡ ಮನುಷ್ಯರ ಹಾಗೆ. ಆಮೇಲೆ ಒಂದೊಂದೇ ಧೂಳಿನಲ್ಲಿ ಮಗ್ಗುಲಾಗಿ ಮಲಗಿ, ರೆಕ್ಕೆ ಹರಡಿ, ಮಣ್ಣು ಮೈಗೆಲ್ಲಾ ಎರಚಿಕೊಂಡವು. ಒಂದು ಏಳುವವರೆಗೆ ಇನ್ನೊಂದು ಪಕ್ಕದಲ್ಲಿ ಕಾಯುತ್ತಿತ್ತು, ಬಚ್ಚಲಮನೆ ಬಾಗಿಲಲ್ಲಿ ಕಾದ ಹಾಗೆ.

ದೊಡ್ಡ ಮಂಗಟ್ಟೆ ಬೇರೆಯೇ ಗತ್ತು. ಅದು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ರೆಕ್ಕೆ ಬಡಿತ ಹಳೇ ಉಗಿಬಂಡಿಯ ಹಾಗೆ ‘ಹುಸ್, ಹುಸ್’ ಅನ್ನುತ್ತದೆ. ದುರ್ಬೀನಿನಲ್ಲಿ ಕಣ್ಣು ನೋಡಿ: ಕೆಂಪಿದ್ದರೆ ಗಂಡು, ಬಿಳುಪಿದ್ದರೆ ಹೆಣ್ಣು. ಕುತ್ತಿಗೆಯ ಮೇಲಿನ ಹಳದಿ ಅದರ ಹುಟ್ಟುಬಣ್ಣ ಅಲ್ಲ. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ, ಅದನ್ನು ಗರಿಗೆ ಸವರಿಕೊಂಡು ಬಂದ ಹಳದಿ.

ಗೋಡೆ ಕಟ್ಟಿಕೊಳ್ಳುವುದು ಪೂರ್ತಿ ನಿಜ. ಜನವರಿ, ಫೆಬ್ರುವರಿ ಹೊತ್ತಿಗೆ ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ಗಸಿ, ಮಣ್ಣು ಸೇರಿಸಿ ಬಾಯಿ ಮುಚ್ಚುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೇ ಮೊಟ್ಟೆ, ಒಳಗೇ ಮರಿ, ಹಳೇ ಗರಿ ಉದುರಿಸಿ ಹೊಸ ಗರಿ ಹುಟ್ಟಿಸಿಕೊಳ್ಳುವುದೂ ಒಳಗೇ. ಗಂಡಿನ ಕೆಲಸ ಏನು? ಆಲ, ಬಸರಿ, ಗೋಣಿ ಮರದ ಹಣ್ಣು ನುಂಗಿಕೊಂಡು ಬಂದು, ಮರಕ್ಕೆ ಅಂಟಿ ನಿಂತು, ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಆ ಸೀಳಿನಲ್ಲಿ ಕೊಡುವುದು. ದಿನಕ್ಕೆ ಹಲವು ಸಲ, ವಾರಗಟ್ಟಲೆ. ಈ ಹೊತ್ತಿನಲ್ಲಿ ಯಾರಾದರೂ ಗಂಡಿಗೆ ಗುಂಡು ಹೊಡೆದರೆ ಪೊಟರೆಯ ಒಳಗಿನ ಸಂಸಾರಕ್ಕೂ ಕುತ್ತು. ಹಾಗಾಗಿ ಗೂಡಿನ ಮರದ ಬುಡಕ್ಕೆ ಹೋಗಿ ನಿಂತು ಫೋಟೊ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನುಷ್ಯ ಕಂಡರೆ ಗಂಡು ಹತ್ತಿರ ಬರುವುದಿಲ್ಲ, ಬಾಯಲ್ಲಿ ಹಣ್ಣು ಇಟ್ಟುಕೊಂಡೇ ದೂರದಲ್ಲಿ ಕೂತಿರುತ್ತದೆ.

ಗೂಡು ಬಿಡಿ, ಹಣ್ಣಾದ ಒಂದು ಗೋಣಿ ಮರ ಹುಡುಕಿ ದೂರದಲ್ಲಿ ಕೂತುಬಿಡಿ. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ. ಮಂಗಟ್ಟೆ, ಹಸಿರು ಪಾರಿವಾಳ, ಕುಟ್ರು ಹಕ್ಕಿ, ಕೆಂದಳಿಲು, ಊರೆಲ್ಲಾ ಅಲ್ಲಿಗೇ ಊಟಕ್ಕೆ ಬರುತ್ತದೆ. ಕಪ್ಪು ಬಿಳುಪಿನ ಮಂಗಟ್ಟೆ ಕಾಸರಕದ ಹಣ್ಣನ್ನೂ ತಿನ್ನುತ್ತದೆ. ನಮ್ಮಲ್ಲಿ ಕಾಸರಕ ಅಂದರೆ ವಿಷ, ಆ ವಿಷ ಬೀಜದಲ್ಲೇ ಹೆಚ್ಚು. ಹಕ್ಕಿ ತಿರುಳು ತಿಂದು ಬೀಜ ಹಾಗೇ ಹೊರಗೆ ಹಾಕುತ್ತದೆ.

ಪ್ರಶ್ನೆ: ದೊಡ್ಡ ಕ್ಯಾಮೆರಾ ತೆಗೆದುಕೊಳ್ಳಲಾ, ದುರ್ಬೀನು ತೆಗೆದುಕೊಳ್ಳಲಾ? ಒಂದಕ್ಕೆ ಮಾತ್ರ ದುಡ್ಡಿದೆ.
— ಹೊನ್ನಾವರ

ಉತ್ತರ: ದುರ್ಬೀನು. 8x42 ಅಂತ ಬರೆದಿರುತ್ತದೆ, ಅದನ್ನೇ ಕೇಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅನ್ನುವುದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ, ಅದು ದೊಡ್ಡದಿದ್ದಷ್ಟು ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಹನ್ನೆರಡು ಪಟ್ಟು, ಇಪ್ಪತ್ತು ಪಟ್ಟು ಅಂತ ಆಸೆ ತೋರಿಸುತ್ತಾರೆ, ಕೈ ನಡುಗಿದರೆ ಏನೂ ಕಾಣುವುದಿಲ್ಲ. ಜೀಪಿನಲ್ಲಂತೂ ಮುಗಿದೇಹೋಯಿತು.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಕಾಡಿಗೆ ಹೋಗಬೇಕು ಅಂತಿದ್ದೇವೆ. ಅತ್ತೆ ಬೇಡ ಅನ್ನುತ್ತಾರೆ, ಉಂಬಳ, ಉಣುಗು, ಮಂಗನ ಕಾಯಿಲೆ ಅಂತ ಹೆದರಿಸುತ್ತಾರೆ.
— ಸಿದ್ದಾಪುರ

ಉತ್ತರ: ತಂಗೀ, ನಿಮ್ಮ ಅತ್ತೆ ಹೇಳುವ ಮೂರರಲ್ಲಿ ಒಂದಕ್ಕೆ ಹೆದರಬೇಕಾಗಿಲ್ಲ, ಎರಡಕ್ಕೆ ಹೆದರಬೇಕು.

ಉಂಬಳ ಮಳೆಗಾಲದ್ದು. ಏಪ್ರಿಲ್‌ನಲ್ಲಿ ಹಳ್ಳದ ತಂಪು ಜಾಗ ಬಿಟ್ಟರೆ ಕಾಣುವುದಿಲ್ಲ. ಕಚ್ಚಿದರೂ ರೋಗ ಗೀಗ ಏನಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಬಿಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೇ. ಮಳೆಗಾಲದಲ್ಲಿ ಹೋಗುವವರು ನಮ್ಮ ಹಳ್ಳಿಯವರ ಹಾಗೆ ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಇಟ್ಟುಕೊಳ್ಳಿ. ಮಳೆ ಹೆಚ್ಚಾದಾಗ ಸಫಾರಿ ನಿಲ್ಲಿಸುತ್ತಾರೆ, ಫೋನ್ ಮಾಡಿ ಕೇಳಿಯೇ ಹೊರಡಿ.

ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡುವುದೇ ಅದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಇದು ಮೊದಲು ಗೊತ್ತಾಯಿತು, ಅದಕ್ಕೇ ಇಂಗ್ಲಿಷಿನಲ್ಲೂ ಅದೇ ಊರಿನ ಹೆಸರು. ಸಿದ್ದಾಪುರದವರಿಗೆ ನಾನು ಹೇಳಿಕೊಡುವುದೇನಿದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಸಾಸಿವೆಗಿಂತ ಚಿಕ್ಕದಿರುವ ಮರಿ ಉಣುಗು ತರಗೆಲೆಯಲ್ಲಿ ಇರುತ್ತದೆ. ಜೀಪಿನಲ್ಲಿ ಕೂತು ಸಫಾರಿ ಮಾಡಿದರೆ ತೊಂದರೆ ಕಡಿಮೆ. ತರಗೆಲೆ ಮೇಲೆ ಚಾಪೆ ಹಾಸಿ ಕೂತು ಬುತ್ತಿ ಬಿಚ್ಚುವುದು, ಮಕ್ಕಳು ಎಲೆ ರಾಶಿಯಲ್ಲಿ ಹೊರಳುವುದು, ಇವು ಬೇಡ. ಉದ್ದ ತೋಳು, ಉದ್ದ ಪ್ಯಾಂಟ್, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ತೆಳು ಬಣ್ಣದ ಬಟ್ಟೆ ಹಾಕಿದರೆ ಹತ್ತಿದ ಉಣುಗು ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಕೇಳಿ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ಹೇಳಿ. ಬಂದು ಒಂದು ವಾರದಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ವೈದ್ಯರ ಹತ್ತಿರ ಹೋಗಿ ‘ಕಾಡಿಗೆ ಹೋಗಿದ್ದೆವು’ ಅಂತ ಮೊದಲು ಹೇಳಿ. ಇಷ್ಟು ಮಾಡಿದರೆ ಅತ್ತೆಯನ್ನೂ ಕರೆದುಕೊಂಡು ಹೋಗಬಹುದು.

ಪ್ರಶ್ನೆ: ಅಣಶಿ ಘಟ್ಟದಲ್ಲಿ ಸಂಜೆ ಬೈಕ್‌ನಲ್ಲಿ ಬರುವಾಗ ತಿರುವಿನಲ್ಲಿ ಕಾಡುಕೋಣ. ನಾನು ಹಾರ್ನ್ ಹೊಡೆದೆ, ಅದು ಸರಿಯಲಿಲ್ಲ, ಅಡ್ಡ ನಿಂತಿತು. ಹಿಂದೆ ಕೂತ ಗೆಳೆಯ ಇಳಿದು ಓಡಿದ. ಏನು ಮಾಡಬೇಕಿತ್ತು?
— ಅಂಕೋಲಾ

ಉತ್ತರ: ಹಾರ್ನ್ ಹೊಡೆಯಬಾರದಿತ್ತು, ಗೆಳೆಯ ಓಡಬಾರದಿತ್ತು. ಉಳಿದದ್ದು ಸರಿ.

ಅದು ಅಡ್ಡ ನಿಂತದ್ದು ಸೊಕ್ಕಿಗಲ್ಲ ಮಾರಾಯ. ಗಂಡು ಕಾಡುಕೋಣ ಎದುರಾಳಿ ಎದುರಿಗೆ ಹೀಗೇ ಪಕ್ಕಕ್ಕೆ ತಿರುಗಿ, ಬೆನ್ನಿನ ಗುಡ್ಡ ತೋರಿಸಿ ‘ನಾನು ಎಷ್ಟು ದೊಡ್ಡವ ನೋಡು’ ಅನ್ನುತ್ತದೆ. ದೊಡ್ಡ ಗಂಡು ಸಾವಿರ ಕೆ.ಜಿ.ವರೆಗೂ ತೂಗುತ್ತದೆ. ಕರ್ರಗೆ ಮಿಂಚುವ ಮೈ, ಮೊಣಕಾಲಿನಿಂದ ಕೆಳಗೆ ಬಿಳಿ ಸಾಕ್ಸ್. ನೋಡಲು ಶಾಲೆಗೆ ಹೊರಟ ಹುಡುಗನ ಹಾಗಿದ್ದರೂ ಶಾಲೆ ಹುಡುಗನಲ್ಲ. ಕಂಡ ಕೂಡಲೇ ದೂರದಲ್ಲೇ ನಿಲ್ಲಿ. ದೀಪ ಡಿಮ್ ಮಾಡಿ, ಎಕ್ಸಲರೇಟರ್ ರೇಸ್ ಮಾಡಬೇಡಿ. ಹೊರಳಿ ಹೋಗಲು ಅದಕ್ಕೆ ದಾರಿ ಬಿಡಿ, ಘಟ್ಟದಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ ಇರುವಾಗ ಅದಕ್ಕೂ ಹೋಗಲು ಜಾಗ ಬೇಕಲ್ವಾ? ತಲೆ ತಗ್ಗಿಸಿ ಬುಸುಗುಟ್ಟಿದರೆ ಅದರ ಮೇಲೆ ಕಣ್ಣಿಟ್ಟು ನಿಧಾನ ಹಿಂದೆ ಸರಿಯಿರಿ. ಕರು ಜೊತೆಗಿದ್ದರೆ ತಾಯಿಗೂ ಕರುವಿಗೂ ನಡುವೆ ಬೈಕ್ ನುಗ್ಗಿಸುವ ಯೋಚನೆ ಬೇಡವೇ ಬೇಡ. ಹತ್ತು ನಿಮಿಷ ತಡವಾದರೆ ಕದ್ರಾದಲ್ಲಿ ಚಹಾ ಅಂಗಡಿ ಓಡಿಹೋಗುವುದಿಲ್ಲ.

ಪ್ರಶ್ನೆ: ನಾವು ಎಂಟು ಜನ ಗೆಳೆಯರು, ಮೂಲ ಯಲ್ಲಾಪುರ, ಈಗ ಬೆಂಗಳೂರು. ಕಾಡಿನಲ್ಲಿ ಒಂದು ರಾತ್ರಿ, ಬ್ಲೂಟೂತ್ ಸ್ಪೀಕರ್, ಡ್ರೋನ್ ಒಯ್ಯಬಹುದಾ? ನದಿಯಲ್ಲಿ ಈಜಬಹುದಾ?

ಉತ್ತರ: ಸ್ಪೀಕರ್ ಇಲ್ಲ. ಡ್ರೋನ್ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಕೆಣಕುವುದು, ಅಭಯಾರಣ್ಯದಲ್ಲಿ ಕಸ ಎಸೆಯುವುದು ಅಪರಾಧ. ಈಜುವ ಬಗ್ಗೆ: ದಾಂಡೇಲಿ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವುದನ್ನು ದಡದಿಂದಲೇ ನೋಡಬಹುದು. ಅದನ್ನು ನೋಡಿದ ಮೇಲೂ ಈಜುವ ಮನಸ್ಸಿದ್ದರೆ ಮತ್ತೆ ಪತ್ರ ಬರೆಯಿರಿ. ಯಲ್ಲಾಪುರದವರಾಗಿ ಇಂಥ ಪ್ರಶ್ನೆ ಕೇಳಿದ್ದು ನೋಡಿ ಬೇಜಾರಾಯಿತು.

ಪ್ರಶ್ನೆ: ನನಗೆ ಎಪ್ಪತ್ನಾಲ್ಕು. ಮೊಣಕಾಲು ನೋವು, ಜೀಪು ಹತ್ತಲು ಆಗುವುದಿಲ್ಲ. ಮೊಮ್ಮಕ್ಕಳು ಕಾಡಿಗೆ ಹೋಗಿ ಬಂದು ಕತೆ ಹೇಳುತ್ತಾರೆ. ನನಗೆ ಮನೆ ಹತ್ತಿರವೇ ನೋಡುವಂಥದ್ದು ಏನಾದರೂ ಇದೆಯಾ?
— ಒಬ್ಬ ಅಜ್ಜಿ, ಕಾರವಾರ

ಉತ್ತರ: ಅಜ್ಜೀ, ಇಷ್ಟು ಪತ್ರಗಳಲ್ಲಿ ನಿಮ್ಮದೇ ನನಗೆ ಇಷ್ಟವಾಯಿತು. ಮೊಮ್ಮಕ್ಕಳು ಹೋಗಿ ನೋಡಿದ ಕಾಳಿ ಡಿಗ್ಗಿ ಹತ್ತಿರ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ, ಸುಮಾರು 184 ಕಿ.ಮೀ. ಹರಿದು ನಿಮ್ಮ ಮನೆ ಬಾಗಿಲಿಗೇ ಬಂದಿದೆ. ಕೋಡಿಬಾಗದ ಕಡೆ ನದಿ ಸಮುದ್ರ ಸೇರುವ ಜಾಗಕ್ಕೆ ಮೊಮ್ಮಕ್ಕಳ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹೊರಿಸಿಕೊಂಡು ಹೋಗಿ. ರಿಕ್ಷಾ ಅಲ್ಲಿವರೆಗೂ ಬರುತ್ತದೆ. ಸಮುದ್ರದ ನೀರು ಇಳಿಯುವ ಹೊತ್ತು ಕೇಳಿಕೊಂಡು ಹೊರಡಿ, ಮೀನುಗಾರರು ಯಾರಾದರೂ ಹೇಳುತ್ತಾರೆ. ನೀರು ಇಳಿದಾಗ ಕೆಸರು ತೆರೆದುಕೊಳ್ಳುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಏಡಿಗಳು ಹೊರಬರುತ್ತವೆ. ಒಂದೇ ಒಂದು ಚಿಮ್ಮಟದ ಕಾಲು ದೊಡ್ಡದಿರುವ ಗಂಡು ಏಡಿ ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ. ನೋಡಲು ದುರ್ಬೀನೂ ಬೇಡ.

ಗರುಡ ನಿಮಗೆ ಗೊತ್ತಿದ್ದದ್ದೇ. ಅದಕ್ಕಿಂತ ತುಂಬಾ ದೊಡ್ಡ, ಹೊಟ್ಟೆ ಬೆಳ್ಳಗಿನ ಕಡಲ ಹದ್ದು ಬಂದರೆ ಉಳಿದ ಹಕ್ಕಿಗಳ ಗಲಾಟೆಯಲ್ಲೇ ಗೊತ್ತಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನೀರಿನ ಮೇಲೆ, ದೋಣಿಗಳ ಸುತ್ತ ಬಿಳಿ ಕಡಲ ಹಕ್ಕಿಗಳ ಹಿಂಡು ಇರುತ್ತದೆ. ಅವು ಇಲ್ಲಿಯವಲ್ಲ. ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಕೆರೆಗಳಲ್ಲಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಚಳಿಗಾಲದಲ್ಲಿ ಹೋದರೆ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಇರುವ ಹಕ್ಕಿ ಕಾಣುತ್ತದೆ. ಅದನ್ನು ವಾರಕ್ಕೊಮ್ಮೆ ಹೋಗಿ ನೋಡುತ್ತಾ ಇರಿ. ಮಾರ್ಚ್ ಹತ್ತಿರ ಬಂದ ಹಾಗೆ ಬಿಳಿ ತಲೆಯ ಮೇಲೆ ಕಾಫಿ ಬಣ್ಣ ಹರಡಿ, ಪೂರ್ತಿ ಟೋಪಿ ಹಾಕಿದ ಹಾಗಾಗುತ್ತದೆ. ಟೋಪಿ ಹಾಕಿದ ಮೇಲೆ ಒಂದು ದಿನ ಹೊರಟುಹೋಗುತ್ತವೆ. ಯಾವ ತಾರೀಕಿಗೆ ಹೋದವು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನನಗೆ ಬರೆಯುತ್ತೀರಾ?